ಕೌದಿಯೊಳಗಿನ ಸೆರಗು

ವನಜಾಕ್ಷಿ ಆ ಕೌದಿಯನ್ನು ಹೊಲಿದದ್ದು ಮಗಳು ತೀರಿಕೊಂಡ ಮೂರು ತಿಂಗಳಿಗೆ. ಅಂದಿನಿಂದ ಅದಿಲ್ಲದೆ ಅವಳಿಗೆ ಕಣ್ಣು ಹತ್ತುವುದಿಲ್ಲ. ಮೊಳಕಾಲ್ಮೂರಿನ ಬಂಡೆಗಳು ಕಾದು ಮನೆಯೊಳಗೆ ಉಸಿರು ಕಟ್ಟುವ ಏಪ್ರಿಲಿನಲ್ಲೂ ಅದು ಕಾಲಬುಡದಲ್ಲಾದರೂ ಇರಬೇಕು. ಒಳಪದರದಲ್ಲಿ ಐಶ್ವರ್ಯಳ ಶಾಲೆಯ ಲಂಗ, ಎರಡು ಫ್ರಾಕು, ಒಂದು ಉಣ್ಣೆಯ ಟೋಪಿ. ಮೇಲ್ಪದರದಲ್ಲಿ, ಎದೆಗೆ ತಾಗುವ ಕಡೆ, ಒಂದೂವರೆ ಮೊಳದ ರೇಷ್ಮೆ ಸೆರಗು. ಸೆರಗಿನ ತುಂಬ ಕೋಳಿಗಳು. ಒಂದೊಂದು ಕೋಳಿಗೂ ಮೂರು ಕಾಲು.

ಆ ಕೋಳಿ ಐಶ್ವರ್ಯ ಬರೆದದ್ದು. ಆಗ ಅವಳಿಗೆ ಏಳು ವರ್ಷ.

"ಕೋಳಿಗೆ ಮೂರು ಕಾಲು ಯಾಕವ್ವ?" ಎಂದು ಅಪ್ಪ ಕೇಳಿದ್ದಕ್ಕೆ, "ಅದು ನಡೀತಾ ಐತಪ್ಪ, ಒಂದು ಕಾಲು ಆಗ್ಲೇ ಮುಂದೆ ಹೋಗೈತೆ" ಅಂದಿದ್ದಳು. ಮಾರುತೇಶ ನಕ್ಕು ಆ ಚಿತ್ರವನ್ನು ಹಾಗೇ ಮಗ್ಗಕ್ಕೆ ಏರಿಸಿದ.

ಮಾರುತೇಶ ಸೀರೆಗೆ ನಕ್ಷೆ ಮಾಡಿಕೊಡುವವನು. ಅವನ ಅಪ್ಪನ ಕಾಲದಲ್ಲಿ ಒಂದು ಬುಟ್ಟಾಕ್ಕೆ ವಾರಗಟ್ಟಲೆ ಕೆಲಸ. ಚೌಕಳಿ ಕಾಗದದ ಮೇಲೆ ಒಂದೊಂದು ಮನೆಗೂ ಬಣ್ಣ ತುಂಬಬೇಕು, ಆಮೇಲೆ ಆ ಮನೆಗಳ ಲೆಕ್ಕದಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯಬೇಕು, ಆ ಕಾರ್ಡುಗಳನ್ನು ಪೋಣಿಸಿ ಮಗ್ಗದ ತಲೆಯ ಮೇಲಿನ ಜಕಾರ್ಡ್ ಯಂತ್ರಕ್ಕೆ ಹಾಕಬೇಕು. ಅಷ್ಟಾದಮೇಲೂ ಒಂದು ತೊಡಕು ಉಳಿಯುತ್ತಿತ್ತು. ಬಣ್ಣದ ಎಳೆ ಸೀರೆಯ ಹಿಂಬದಿಯಲ್ಲಿ ಉದ್ದಕ್ಕೆ ಸಡಿಲ ಬಿದ್ದರೆ ಬಳೆಗೆ, ಉಂಗುರಕ್ಕೆ ಸಿಕ್ಕಿ ಕಿತ್ತುಬರುತ್ತದೆ. ಅಲ್ಲಲ್ಲಿ ಅದನ್ನು ಕಟ್ಟಿ ಹಿಡಿಸಬೇಕು, ಆದರೆ ಆ ಕಟ್ಟು ಮುಂದಿನಿಂದ ಕಾಣಬಾರದು. ಎಲ್ಲಿ ಕಟ್ಟಬೇಕೆಂಬುದು ಹಿರಿಯರ ಕಣ್ಣಿಗಷ್ಟೇ ಗೊತ್ತಿದ್ದ ವಿದ್ಯೆ.

ಚಳ್ಳಕೆರೆಯಲ್ಲಿ ಶಿವಮೂರ್ತಪ್ಪ ಎಂಬವರು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಅದನ್ನು ಮುಚ್ಚುವಾಗ ಒಂದು ಹಳೆಯ ಕಂಪ್ಯೂಟರನ್ನೂ ಸ್ಕ್ಯಾನರನ್ನೂ ಮಾರುತೇಶನಿಗೆ ಕೊಟ್ಟು, ಪ್ರೋಗ್ರಾಮ್ ಬರೆಯುವುದನ್ನೂ ಕೈಹಿಡಿದು ಕಲಿಸಿದರು. ಎರಡು ವರ್ಷ ಅವನು ವಾರಕ್ಕೊಮ್ಮೆ ಚಳ್ಳಕೆರೆ ಬಸ್ಸು ಹತ್ತಿದ. ಕೊನೆಗೆ ಹಾಳೆಯ ಮೇಲಿನ ಚಿತ್ರವನ್ನು ಓದಿ, ಮನೆಗಳಾಗಿ ಬಿಡಿಸಿ, ಎಂಟು ಎಳೆಗಿಂತ ಉದ್ದ ಬಿದ್ದಲ್ಲೆಲ್ಲ ತಾನೇ ಓರೆಯಾಗಿ ಕಟ್ಟು ಹಾಕಿಕೊಡುವ ಪ್ರೋಗ್ರಾಮ್ ತಯಾರಾಯಿತು. ಅದನ್ನು ತೆರೆದರೆ ಪರದೆಯ ಮೇಲೆ ಮೊದಲು "ಐಶ್ವರ್ಯ" ಎಂಬ ಹೆಸರು ಬರುತ್ತಿತ್ತು. ಅದರಿಂದ ಅವನು ನೇಯ್ದ ಮೊದಲ ಮಾದರಿಯೇ ಆ ಕೋಳಿಗಳ ಸೆರಗು.

ಅದೇ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಐಶ್ವರ್ಯಳಿಗೆ ಜ್ವರ ಬಂತು. ಮೂರನೆಯ ದಿನ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು. ಐದನೆಯ ದಿನ ಅವಳನ್ನು ಮಡಿಲಲ್ಲಿಟ್ಟುಕೊಂಡು ತಿರುಗಿ ಬಂದರು. ಯಾರ ತಪ್ಪೂ ಇರಲಿಲ್ಲ. ತಪ್ಪು ಯಾರದ್ದಾದರೂ ಇದ್ದಿದ್ದರೆ ಇಬ್ಬರಲ್ಲಿ ಒಬ್ಬರು ಬೈದು, ಇನ್ನೊಬ್ಬರು ಬೈಸಿಕೊಂಡು, ಹೇಗೋ ಹಗುರಾಗುತ್ತಿದ್ದರೋ ಏನೋ. ಇಬ್ಬರೂ ಬಾಯಿ ಮುಚ್ಚಿಕೊಂಡರು. ಮಗಳ ಹೆಸರೇ ಆ ಮನೆಯಲ್ಲಿ ಕೇಳಿಸದಾಯಿತು.

ಮೂರು ತಿಂಗಳು ಕಳೆದಿತ್ತು. ಮಾರುತೇಶ ಆ ಪ್ರೋಗ್ರಾಮನ್ನು ಸಿಡಿಗೆ ಹಾಕಿ ಕಂಡಕಂಡವರಿಗೆ ಕೊಡತೊಡಗಿದ. ಹಿರಿಯ ನೇಕಾರ ಚಿತ್ತಪ್ಪನಿಗೆ ಕೊಟ್ಟ, ಚಿತ್ತಪ್ಪನ ಅಳಿಯನಿಗೆ ಕೊಟ್ಟ, ಆಂಧ್ರದ ಗಡಿಯಾಚೆಯಿಂದ ಬಂದವರಿಗೂ ಇಲ್ಲವೆನ್ನಲಿಲ್ಲ. ಏನೂ ತೆಗೆದುಕೊಳ್ಳುತ್ತಿರಲಿಲ್ಲ. ವನಜಾಕ್ಷಿ ಅದನ್ನು ನೋಡಿ ನೋಡಿ ಒಂದು ದಿನ ತಡೆಯಲಾರದೆ ಅಂದಳು: "ಮಗಳ ಹೆಸರನ್ನ ಬೀದಿಗೆ ಹಂಚ್ತಾ ಇದೀರಲ್ಲ, ನಿಮ್ಗೆ ಅದು ಅಷ್ಟು ಹಗುರ ಆಯ್ತಾ?"

ಅವನು ಎದ್ದು ಕಂಪ್ಯೂಟರಿನ ಮುಂದೆ ಕೂತ. ಅಂದು ಸಂಜೆಯೇ ಅವಳು ಸೆರಗನ್ನು ಪೆಟ್ಟಿಗೆಯಿಂದ ತೆಗೆದು, ಮಗುವಿನ ಬಟ್ಟೆಗಳ ಜೊತೆ ಇಟ್ಟು, ಕೌದಿ ಹೊಲಿಯಲು ಕೂತಳು. ಇದೊಂದನ್ನಾದರೂ ಅವನು ಹಂಚದಿರಲಿ ಎಂದೇ ಹೊಲಿದಳು. ಅಲ್ಲಿಂದ ಮುಂದೆ ಗಂಡಹೆಂಡಿರ ನಡುವೆ ಊಟ, ನೀರು, ಕರೆಂಟು, ದಾರದ ಬಣ್ಣ, ಇವಿಷ್ಟರ ಮಾತು ಉಳಿಯಿತು.

ಹನ್ನೊಂದು ವರ್ಷ ಹೀಗೇ ಸಾಗಿತು. ಆಮೇಲೆ ನೋಟೀಸು ಬಂತು.

ಹೊರರಾಜ್ಯದ ಒಂದು ಕಂಪನಿಯದು ಅದು. ಚಿತ್ರದಿಂದ ಜಕಾರ್ಡು ಕಾರ್ಡು ಮಾಡುವ, ಸಡಿಲ ಎಳೆಗೆ ಓರೆಯಾಗಿ ಕಟ್ಟು ಹಾಕುವ ಸಾಫ್ಟ್‌ವೇರ್ ವಿಧಾನಕ್ಕೆ ತಮ್ಮ ಹೆಸರಿನಲ್ಲಿ ಪೇಟೆಂಟ್ ಇದೆ, 2011ರಲ್ಲೇ ಅರ್ಜಿ ಹಾಕಿ ಪಡೆದದ್ದು, ತಮ್ಮ ಒಪ್ಪಿಗೆಯಿಲ್ಲದೆ ಅದನ್ನು ಯಾರೂ ಬಳಸಕೂಡದು ಎಂದು ಬರೆದಿತ್ತು. ಮಾರುತೇಶನ ಜೊತೆ ಇನ್ನೂ ಹತ್ತು ನಕ್ಷೆಗಾರರ ಮೇಲೆ ಕೇಸು. ಕೇಸು ಮುಗಿಯುವ ತನಕ ಆ ಪ್ರೋಗ್ರಾಮಿನಿಂದ ಕಾರ್ಡು ಮಾಡಕೂಡದೆಂದು ತಡೆಯಾಜ್ಞೆಯೂ ಆಯಿತು. ಚಿತ್ತಪ್ಪ ನೋಟೀಸನ್ನು ಹಿಡಿದುಕೊಂಡೇ ಬಂದ.

"ಏಮಿ ಮಾರುತೇಶಾ, ಇದೇನಲೇ? ನೀನು ಕೊಟ್ಟಿದ್ದನ್ನ ನಾವು ಕದ್ದೀವಂತೆ!"

ಹನ್ನೊಂದು ಜನರೂ ಸೇರಿ ಚಳ್ಳಕೆರೆಯ ವಕೀಲೆ ಮಾಲಾಳ ಹತ್ತಿರ ಹೋದರು. ಮಾಲಾ ದೊಡ್ಡಉಳ್ಳಾರ್ತಿಯವಳು, ಬೆಂಗಳೂರಿನಲ್ಲಿ ಇಂಥ ಕೇಸುಗಳನ್ನು ನಡೆಸುವವರ ಕೈಕೆಳಗೆ ಆರು ವರ್ಷ ಇದ್ದು ತಿರುಗಿ ಬಂದವಳು. ಕಾಗದಗಳನ್ನೆಲ್ಲ ಓದಿ ಅವಳು ಹೇಳಿದ್ದು ಸರಳವಾಗಿತ್ತು.

"ಪೇಟೆಂಟ್ ಸಿಗಬೇಕಂದ್ರೆ ಅದು ಹೊಸದಾಗಿರಬೇಕು ಅಣ್ಣ. ಅವ್ರು ಅರ್ಜಿ ಹಾಕೋಕೆ ಮುಂಚೇನೇ ಅದು ಜನರ ಕೈಯಾಗೆ ಇತ್ತು ಅಂತ ನಾವು ತೋರಿಸಿದ್ರೆ ಪೇಟೆಂಟೇ ಬಿದ್ದೋಗುತ್ತೆ."

"ಅವ್ರು ನಂದನ್ನೇ ತಗೊಂಡು ಹೋದ್ರಾ ಮೇಡಂ?" ಎಂದು ಮಾರುತೇಶ ಕೇಳಿದ.

"ಗೊತ್ತಿಲ್ಲ. ಅವ್ರೇ ಸ್ವಂತವಾಗಿ ಕಂಡುಕೊಂಡಿದ್ರೂ ಇರಬೋದು. ಕೋರ್ಟಿಗೆ ಅದು ಬೇಕಾಗಿಲ್ಲ. ಮುಂಚೆ ಇತ್ತಾ ಇಲ್ವಾ, ಅಷ್ಟೇ."

ಕೇಸು ಬೆಂಗಳೂರಿನ ಹೈಕೋರ್ಟಿಗೆ ಹೋಯಿತು. ಸಾಕ್ಷಿ ಹುಡುಕುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಮೊದಲು ಆ ಪ್ರೋಗ್ರಾಮ್ ಬರೆದಿದ್ದ ಹಳೆಯ ಕಂಪ್ಯೂಟರು ಕೆಟ್ಟು ಎಷ್ಟೋ ಕಾಲವಾಗಿತ್ತು. ಚಿತ್ತಪ್ಪನ ಮನೆಯಲ್ಲಿ ಸಿಡಿ ಸಿಕ್ಕಿತು, ಆದರೆ ಕಂಪ್ಯೂಟರಿನ ತಾರೀಕನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಕಂಪನಿಯವರು ಅದನ್ನು ತಳ್ಳಿಹಾಕಿದರು. ಶಿವಮೂರ್ತಪ್ಪನವರು ಬದುಕಿರಲಿಲ್ಲ. ಮಾಲಾ ಒಂದು ವಾರ ಚಳ್ಳಕೆರೆಯ ಗ್ರಂಥಾಲಯದಲ್ಲಿ ಕೂತು ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತಿರುವಿದಳು. 2009ರ ಫೆಬ್ರವರಿಯ ಒಂದು ಸ್ಥಳೀಯ ವಾರಪತ್ರಿಕೆಯಲ್ಲಿ, ನೇಕಾರರ ಪ್ರದರ್ಶನದ ಸುದ್ದಿಯ ಪಕ್ಕದಲ್ಲಿ ಒಂದು ಚಿತ್ರ ಸಿಕ್ಕಿತು. ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ಕೋಳಿಯ ಚಿತ್ರ ಹಿಡಿದು ನಿಂತಿದ್ದಾಳೆ, ಅವಳ ಹಿಂದೆ ಗೋಡೆಯ ಮೇಲೆ ಸೆರಗು ತೂಗುತ್ತಿದೆ. ಮಗಳು ಬರೆದದ್ದನ್ನು ಅಪ್ಪನ ಕಂಪ್ಯೂಟರ್ ಓದಿ ನೇಯಿಸಿತು ಎಂದು ಕೆಳಗೆ ಎರಡು ಸಾಲು.

ಮಾಲಾ ಅದರ ನಕಲು ತಂದು ಮನೆಯಲ್ಲಿ ತೋರಿಸಿದಳು. ಮಾರುತೇಶ ಅದನ್ನು ನೋಡಿ ಎದ್ದು ಹಿತ್ತಿಲಿಗೆ ಹೋದ. ವನಜಾಕ್ಷಿ ಕಾಗದವನ್ನು ಕೈಯಲ್ಲಿ ಹಿಡಿದೇ ಕೂತಳು. ಆ ಹಲ್ಲು ಬಿದ್ದಿದ್ದು ಅವಳಿಗೆ ಮರೆತುಹೋಗಿತ್ತು.

"ತಾರೀಕಿಗೆ ಇದು ಸಾಕು ಅಕ್ಕ," ಎಂದಳು ಮಾಲಾ. "ಆದ್ರೆ ಕಟ್ಟು ಹಾಕಿರೋದು ಹಿಂಬದೀಲಿ ಮಾತ್ರ ಕಾಣೋದು. ಆ ಸೆರಗು ಎಲ್ಲಾದ್ರೂ ಇದ್ರೆ..."

ವನಜಾಕ್ಷಿ ಒಳಗಿನ ಮಂಚದ ಕಡೆ ನೋಡಿದಳು. ಮಾಲಾಳಿಗೂ ಕಾಣಿಸಿತು. ಮಡಚಿಟ್ಟ ಕೌದಿಯ ಮೇಲೆ ಕೋಳಿಗಳು. ಸೆರಗಿನ ಹಿಂಬದಿ ಕೌದಿಯ ಒಳಗೆ ಹೊಲಿದುಹೋಗಿತ್ತು.

"ಅದನ್ನ ಬಿಚ್ಚಬೇಕಾಗುತ್ತೆ ಅಕ್ಕ."

"ಅದನ್ನ ಬಿಚ್ಚಿದ್ರೆ ನನ್ನತ್ರ ಇನ್ನೇನು ಉಳಿತೈತೆ?" ಎಂದಳು ವನಜಾಕ್ಷಿ. "ಪೇಪರ್ ಐತಲ್ಲ, ಅದನ್ನೇ ತೋರಿಸ್ರಿ. ಇದು ಬ್ಯಾಡ."

ಮಾಲಾ ಒತ್ತಾಯ ಮಾಡಲಿಲ್ಲ. ಮಾರುತೇಶನೂ ಒಂದು ಮಾತು ಕೇಳಲಿಲ್ಲ.

ಸಾಕ್ಷಿ ಬರೆದುಕೊಳ್ಳಲು ಹೈಕೋರ್ಟು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಕಮಿಷನರ್ ಎಂದು ನೇಮಿಸಿತು. ನೇಕಾರರೆಲ್ಲ ಬೆಂಗಳೂರಿಗೆ ಓಡಾಡುವುದು ಕಷ್ಟವೆಂದು ಅವರೇ ಚಳ್ಳಕೆರೆಗೆ ಬಂದು ಪ್ರವಾಸಿ ಮಂದಿರದ ಒಂದು ಕೋಣೆಯಲ್ಲಿ ಕೂತರು. ಹೊರಗಡೆಯಿಂದ ಎಣ್ಣೆ ಗಿರಣಿಗಳ ಹುರಿದ ಶೇಂಗಾದ ವಾಸನೆ ಕೋಣೆಯೊಳಗೂ ಬರುತ್ತಿತ್ತು. ವನಜಾಕ್ಷಿ ಬುತ್ತಿ ಕಟ್ಟಿಕೊಂಡು ಗಂಡನ ಜೊತೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದಳು.

ಕಂಪನಿಯ ವಕೀಲರು ನಡುವಯಸ್ಸಿನವರು, ಒಳ್ಳೆಯ ಕನ್ನಡದಲ್ಲಿ, ದನಿ ಏರಿಸದೆ ಕೇಳುತ್ತಿದ್ದರು.

"ಮೂವತ್ತೆಂಟು ಜನಕ್ಕೆ ಪ್ರೋಗ್ರಾಮ್ ಕೊಟ್ಟೆ ಅಂತೀರಿ. ಯಾರಿಂದಲೂ ಏನೂ ತಗೊಳ್ಳಲಿಲ್ಲವಾ?"

"ಇಲ್ಲ ಸಾರ್."

"ಎರಡು ವರ್ಷ ಕಷ್ಟಪಟ್ಟು ಮಾಡಿದ್ದನ್ನ ಯಾರಾದರೂ ಸುಮ್ಮನೆ ಹಂಚುತ್ತಾರಾ ಮಾರುತೇಶ್ ಅವರೇ? ಆಗ ನಿಮ್ಮ ಹತ್ತಿರ ಅಂಥದ್ದೇನೂ ಇರಲಿಲ್ಲ. ಕಂಪನಿಯದು ಮಾರ್ಕೆಟ್ಟಿಗೆ ಬಂದಮೇಲೆ ನೋಡಿ ಮಾಡಿಕೊಂಡಿರಿ. ಹೌದೋ ಅಲ್ಲವೋ?"

"ಅಲ್ಲ ಸಾರ್."

"ಹಾಗಾದರೆ ಯಾಕೆ ಕೊಟ್ಟಿರಿ? ಕಾರಣ ಹೇಳಿ."

ಮಾರುತೇಶ ಮೇಜಿನ ಅಂಚನ್ನು ಹಿಡಿದುಕೊಂಡ. ಟೈಪು ಮಾಡುವವನ ಬೆರಳುಗಳು ಕಾಯುತ್ತಿದ್ದವು. ಕಮಿಷನರು, "ಗೊತ್ತಿದ್ದರೆ ಹೇಳಪ್ಪ, ಇಲ್ಲದಿದ್ದರೆ ಇಲ್ಲ ಅನ್ನು," ಎಂದರು.

"ಅದನ್ನ ತೆಗುದ್ರೆ ಮೊದ್ಲು ಒಂದು ಹೆಸರು ಬರ್ತಿತ್ತು ಸಾರ್," ಎಂದ ಮಾರುತೇಶ. "ಐಶ್ವರ್ಯ ಅಂತ. ನನ್ನ ಮಗಳದು. ಅವಳು ಹೋದಮ್ಯಾಲೆ ನಮ್ಮ ಮನ್ಯಾಗೆ ಆ ಹೆಸರು ಯಾರೂ ಎತ್ತಲಿಲ್ಲ. ನನ್ನ ಹೆಂಡ್ತಿಗೆ ಎತ್ತೋಕೆ ಆಗ್ಲಿಲ್ಲ. ನಂಗೂ ಆಗ್ಲಿಲ್ಲ. ಹಂಗೇ ಬಿಟ್ರೆ ಅವಳ ಹೆಸರು ಯಾರ ಕಣ್ಣಿಗೂ ಬೀಳದಂಗೆ ಹೋಗ್ಬಿಡ್ತೈತೆ ಅನ್ನಿಸ್ತು. ಮೂವತ್ತೆಂಟು ಮನ್ಯಾಗೆ ಬೆಳಿಗ್ಗೆ ಎದ್ದು ಕಂಪ್ಯೂಟರ್ ಹಚ್ಚಿದ್ರೆ ಒಂದು ಸಲನಾದ್ರೂ ಓದ್ಲಿ ಅಂತ ಕೊಟ್ಟೆ. ಮಾರಿದ್ರೆ ನಾಕು ಜನ ಕೊಳ್ತಿದ್ರು. ನಂಗೆ ನಾಕು ಮನೆ ಸಾಲ್ತಿರ್ಲಿಲ್ಲ."

ಟೈಪು ಮಾಡುವವನು ಕಮಿಷನರ ಮುಖ ನೋಡಿದ. "ಹೇಳಿದ ಹಾಗೇ ಬರಿ," ಎಂದರು ಅವರು.

ವಕೀಲರು ಇನ್ನೂ ಒಂದೆರಡು ಪ್ರಶ್ನೆ ಕೇಳಿದರು, ಅವು ವನಜಾಕ್ಷಿಯ ಕಿವಿಗೆ ಬೀಳಲಿಲ್ಲ. ಹನ್ನೆರಡು ಹದಿಮೂರು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಒಂದೇ ಒಲೆಯ ಅನ್ನ ಉಂಡು, ಈ ಮಾತನ್ನು ಅವನು ತನಗೆ ಹೇಳಲಿಲ್ಲ. ಯಾರೋ ಗುರುತಿಲ್ಲದ ಕರಿ ಕೋಟಿನವನು ಕೇಳಿದಾಗ ಹೇಳಿದ. ಮೊದಲು ಅವಳಿಗೆ ಸಿಟ್ಟೇ ಬಂತು. ಆಮೇಲೆ ತಾನಾದರೂ ಯಾವತ್ತು ಕೇಳಿದೆ ಎಂದು ಹೊಳೆಯಿತು. ಬೀದಿಗೆ ಹಂಚಿದಿರಿ ಎಂದು ದೂರಿದ್ದೇ ಹೊರತು, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೊರಟರು. ಬಯಲು ದಾಟಿ, ಬಂಡೆಗಳು ಕಾಣತೊಡಗಿದವು. ಬುತ್ತಿ ಬಿಚ್ಚಿರಲೇ ಇಲ್ಲ. ಊರು ಹತ್ತಿರವಾದಾಗ ವನಜಾಕ್ಷಿ, "ನಂಗ್ಯಾಕೆ ಹೇಳ್ಲಿಲ್ಲ?" ಎಂದಳು.

"ನಿನ್ನ ಮುಂದೆ ಆ ಹೆಸರು ಎತ್ತಿದ್ರೆ ನೀನು ಉಳಿಯಲ್ಲ ಅನ್ಕೊಂಡಿದ್ದೆ."

"ಎತ್ತದೇ ಇದ್ದಿದ್ದಕ್ಕೆ ನಾನು ಉಳಿದೀನಾ?"

ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮುಂದಿನ ಸೀಟಿನವರು ತಿರುಗಿ ನೋಡಿದರು. ವನಜಾಕ್ಷಿ ಅವನ ತೋಳು ಹಿಡಿದು, "ಅಳ್ರಿ, ಪರವಾಗಿಲ್ಲ," ಎಂದಳು. ಅವಳ ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಮಾಲಾಳಿಗೆ ಫೋನು ಮಾಡಿದಳು. "ಕೌದಿ ತರ್ತೀನಿ ಕಣವ್ವ. ಆದ್ರೆ ನಾನೇ ಬಿಚ್ಚಬೇಕು. ಬೇರೆಯೋರು ಕೈ ಹಾಕಬಾರದು."

ಹೊಸ ಸಾಕ್ಷಿಗೆ ಹೈಕೋರ್ಟಿನ ಅನುಮತಿ ಸಿಗಲು ಒಂದು ತಿಂಗಳು ಹಿಡಿಯಿತು. ಆ ತಿಂಗಳೆಲ್ಲ ವನಜಾಕ್ಷಿ ಕೌದಿಯನ್ನು ಕತ್ತಿನವರೆಗೂ ಎಳೆದುಕೊಂಡು ಮಲಗಿದಳು. ತಾರೀಕಿನ ದಿನ ಅದನ್ನು ಬಿಳಿ ಪಂಚೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಚಳ್ಳಕೆರೆಗೆ ಬಂದಳು.

ಪ್ರವಾಸಿ ಮಂದಿರದ ಮೇಜಿನ ಮೇಲೆ ಕೌದಿಯನ್ನು ಹರಡಿದರು. ಹೊಲಿಗೆ ಹಳೆಯದು, ಅಖಂಡವಾಗಿದೆ, ನಡುವೆ ಬಿಚ್ಚಿ ಸೇರಿಸಿದ್ದಲ್ಲ ಎಂದು ನೇಯ್ಗೆ ಕಲಿಸುವ ಮೇಷ್ಟ್ರೊಬ್ಬರು ಭೂತಗನ್ನಡಿಯಲ್ಲಿ ನೋಡಿ ಬರೆಸಿದರು. ಯಾವಾಗ ಹೊಲಿದಿರಿ ಎಂದು ಕಮಿಷನರು ಕೇಳಿದರು.

"ಮಗಳು ಹೋಗಿ ಮೂರು ತಿಂಗಳಾಗಿತ್ತು ಸಾರ್. ಎರಡು ಸಾವಿರದ ಹತ್ತು, ಶಿವರಾತ್ರಿ ಮುಂದೆ."

ಸಣ್ಣ ಕತ್ತರಿ ಹಿಡಿದು ಅವಳು ಶುರುಮಾಡಿದಳು. ತಾನೇ ಹಾಕಿದ ಹೊಲಿಗೆ, ಒತ್ತೊತ್ತಾಗಿ ಹಾಕಿದ್ದು. ಒಂದೊಂದು ಎಳೆಯನ್ನೂ ಕತ್ತರಿಸಿ ಉಗುರಿನಿಂದ ಎಳೆದು ತೆಗೆಯಬೇಕಾಗಿತ್ತು. ಅರ್ಧ ಗಂಟೆಯಾದರೂ ಯಾರೂ ಬೇಗ ಮಾಡಿ ಅನ್ನಲಿಲ್ಲ. ಸೆರಗು ಬಿಟ್ಟುಕೊಂಡಾಗ ಅದರ ಅಡಿಯಲ್ಲಿ ನೀಲಿ ಲಂಗ ಕಾಣಿಸಿತು, ಆಮೇಲೆ ಹಳದಿ ಫ್ರಾಕು. ಫ್ರಾಕಿನ ಜೇಬು ಮಡಚಿಕೊಂಡಿತ್ತು. ವನಜಾಕ್ಷಿ ಅದನ್ನು ನೇರ ಮಾಡಲು ಬೆರಳು ಹಾಕಿದಳು. ಒಳಗೆ ಸೀಮೆಸುಣ್ಣದ ಒಂದು ಚೂರು. ಹೊಲಿಯುವಾಗ ಅವಳು ಅದನ್ನು ನೋಡಿರಲಿಲ್ಲ. ಇಷ್ಟು ವರ್ಷ ಅದನ್ನೂ ಹೊದ್ದುಕೊಂಡೇ ಮಲಗಿದ್ದಳು.

ಅಲ್ಲಿಯವರೆಗೂ ಗಟ್ಟಿಯಾಗಿ ಕೂತಿದ್ದವಳು ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಮೇಜಿನ ಮೇಲೆ ತಲೆಯಿಟ್ಟುಬಿಟ್ಟಳು. ಬಾಯಿಂದ "ಐಶು" ಎಂಬ ಒಂದೇ ಮಾತು ಬರುತ್ತಿತ್ತು. ಮಾರುತೇಶ ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. ಟೈಪು ಮಾಡುವವನು, ಸೀಮೆಸುಣ್ಣವನ್ನೂ ಪಟ್ಟಿಯಲ್ಲಿ ಬರೆಯಬೇಕಾ ಎಂದು ಮೆಲ್ಲಗೆ ಕೇಳಿದ. ಕಂಪನಿಯ ವಕೀಲರೇ ತಲೆ ತಗ್ಗಿಸಿಕೊಂಡು ಹೇಳಿದರು: "ಬೇಡ ಸಾರ್. ಅದು ಅವರ ಹತ್ತಿರವೇ ಇರಲಿ."

ಸೆರಗನ್ನು ಮಗುಚಿ ನೋಡಿದರು. ಹಿಂಬದಿಯಲ್ಲಿ, ಪ್ರತಿ ಕೋಳಿಯ ಮೈಯಲ್ಲೂ, ಎಂಟು ಎಳೆಗೊಂದರಂತೆ ಓರೆಯಾಗಿ ಕಟ್ಟುಗಳು. ಮೇಷ್ಟ್ರು ಎಣಿಸಿ ಎಣಿಸಿ ಬರೆಸಿದರು. ಸೆರಗಿಗೆ ಒಂದು ನಂಬರು ಕೊಟ್ಟು, ಕಂದು ಬಣ್ಣದ ಲಕೋಟೆಯಲ್ಲಿಟ್ಟು, ಅರಗು ಹಾಕಿ ಮುಚ್ಚಿದರು. ಮಿಕ್ಕ ಬಟ್ಟೆಗಳನ್ನು ವನಜಾಕ್ಷಿ ಅದೇ ಪಂಚೆಯಲ್ಲಿ ಸುತ್ತಿಕೊಂಡು ಬಂದಳು.

ಇಷ್ಟು ದಿನ ಕತ್ತಲಲ್ಲಿದ್ದ ಬಟ್ಟೆಗಳಿಗೆ ಮುಗ್ಗಲು ಹಿಡಿದಿತ್ತು. ಮರುದಿನ ಅವಳು ಅವನ್ನು ಹಿತ್ತಿಲ ತಂತಿಯ ಮೇಲೆ ಹರಡಿದಳು. ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ನಾಗಕ್ಕ ಗೋಡೆಯಾಚೆಯಿಂದ ಇಣುಕಿ, "ಯಾರು ಬಂದವ್ರೆ ಅಕ್ಕ? ಮಗು ಬಟ್ಟೆ ಕಾಣ್ತವಲ್ಲ!" ಎಂದಳು, ಸಂತೋಷದಿಂದಲೇ. ವನಜಾಕ್ಷಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ತೀರ್ಪು ಬರಲು ಇನ್ನೂ ಎರಡು ವರ್ಷ ಬೇಕಾಯಿತು. ನೇಕಾರರು ಗೆದ್ದರು. ಚಿತ್ತಪ್ಪ ಪಟಾಕಿ ಹೊಡೆಸಿ, ಮಾರುತೇಶನಿಗೆ ಹಾರ ಹಾಕಿ, ಬೀದಿಗೆಲ್ಲ ಪೇಡೆ ಹಂಚಿದ. ಹಂಚುತ್ತಲೇ ಒಂದು ಮಾತು ಅಂದ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ.

"ಒಂದು ಮಾತ್ರ ಬೇಜಾರು ಮಾರುತೇಶಾ. ತಡೆ ಹಾಕಿದ್ರಲ್ಲ, ಅವಾಗ್ಲೇ ನಮ್ಮ ಹುಡುಗ್ರೆಲ್ಲ ಬೇರೆ ಯಾವುದೋ ಕಲಿತ್ಕೊಂಡ್ರು, ಫೋನ್ನಾಗೇ ಆಗ್ತೈತೆ. ನಿಂದು ಹಳೇ ಕಂಪ್ಯೂಟರಿನಾಗೆ ಮಾತ್ರ ನಡಿತೈತೆ. ಇನ್ನು ಯಾರೂ ಅದಕ್ಕೆ ತಿರುಗಿ ಬರಾಕಿಲ್ಲ ಬಿಡು."

"ಯಾರ ಮನ್ಯಾಗೂ ಇಲ್ವಾ?"

"ನಂದೂ ಹೋದ ವರ್ಷ ಕೆಟ್ಟೋಯ್ತಪ್ಪ."

ಮಾರುತೇಶ ತಲೆಯಾಡಿಸಿ, ಕೊಟ್ಟ ಪೇಡೆಯನ್ನು ತಿಂದ.

ಎರಡು ತಿಂಗಳ ಮೇಲೆ ಗಂಡಹೆಂಡಿರು ತೀರ್ಪಿನ ಪ್ರತಿ ತೆಗೆದುಕೊಳ್ಳಲು ಚಳ್ಳಕೆರೆಗೆ ಹೋದರು. ಮಾಲಾ ಮುಖ್ಯವಾದ ಸಾಲುಗಳನ್ನು ಕನ್ನಡದಲ್ಲಿ ಓದಿ ಹೇಳಿದಳು. ಕಂಪನಿಯ ಅರ್ಜಿಗೂ ಮುಂಚೆಯೇ ಈ ವಿಧಾನ ಮೊಳಕಾಲ್ಮೂರಿನಲ್ಲಿ ಜನರ ಬಳಕೆಯಲ್ಲಿತ್ತು, ಆದ್ದರಿಂದ ಇದರಲ್ಲಿ ಹೊಸದೇನೂ ಇಲ್ಲ, ಪೇಟೆಂಟ್ ರದ್ದು.

"ಅವಳ ಹೆಸರು ಐತಾ ಅದ್ರಾಗೆ?" ಎಂದ ಮಾರುತೇಶ.

ಮಾಲಾ ತೊಂಬತ್ತು ಪುಟಗಳನ್ನೂ ತಿರುವಿದಳು. ಒಂದು ಕಡೆ ಬೆರಳು ನಿಂತಿತು. "ಒಂದನೇ ಪ್ರತಿವಾದಿಯ ಮಗಳು ಬರೆದ ಚಿತ್ರ ಅಂತ ಇದೆ ಅಣ್ಣ. ಹೆಸರು... ಹೆಸರು ಹಾಕಿಲ್ಲ."

ಮಾಲಾ ಇನ್ನೊಂದು ಮಾತು ಹೇಳುವುದಿತ್ತು. ಅದನ್ನು ಮೇಜು ನೋಡುತ್ತಲೇ ಹೇಳಿದಳು. ಕಂಪನಿಯವರು ಮೇಲ್ಮನವಿ ಹಾಕಿದ್ದಾರೆ. ಅದು ತೀರ್ಮಾನವಾಗುವವರೆಗೆ ಸೆರಗು ಕೋರ್ಟಿನಲ್ಲೇ ಇರಬೇಕು. ವಾಪಸು ಕೇಳಿ ಅವಳು ಅರ್ಜಿ ಹಾಕಿದ್ದಳು, ಕೊಡಲಿಲ್ಲ. ಎಷ್ಟು ವರ್ಷ ಆಗುತ್ತೋ ಹೇಳಲಾಗದು.

ವನಜಾಕ್ಷಿ ಕೇಳಿದಳು: "ಎಲ್ಲಿಟ್ಟವ್ರೆ ಅದನ್ನ?"

"ದಾಖಲೆ ಕೋಣೇಲಿ ಅಕ್ಕ. ಬೀರು ಇರುತ್ತೆ."

"ಅಲ್ಲಿ ಇಲಿ ಐದಾವಾ?"

ಮಾಲಾಳಿಗೆ ಗೊತ್ತಿರಲಿಲ್ಲ. ಇಲ್ಲ ಎಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೇಳಿ ನೋಡ್ತೀನಿ," ಎಂದಳು.

ವನಜಾಕ್ಷಿ ಚೀಲದಿಂದ ಒಂದು ಬಟ್ಟೆಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ನೆರಳಲ್ಲಿ ಒಣಗಿಸಿದ ಬೇವಿನ ಎಲೆ. "ರೇಷ್ಮೆಗೆ ನುಸಿ ಬೇಗ ಹತ್ತೈತೆ ಕಣವ್ವ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಇದನ್ನ ಅದರ ಜೊತೆಗೆ ಇಡಿಸ್ತೀಯಾ? ಆರು ತಿಂಗಳಿಗೊಂದ್ಸಲ ನಾನು ಬೇರೇದು ತಂದ್ಕೊಡ್ತೀನಿ."

ಅರಗು ಹಾಕಿದ ಲಕೋಟೆಯನ್ನು ಯಾರೂ ತೆರೆಯಬಿಡುವುದಿಲ್ಲ ಎಂದು ಮಾಲಾಳಿಗೆ ಗೊತ್ತಿತ್ತು. ಅವಳು ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಇಡಿಸ್ತೀನಿ ಅಕ್ಕ," ಎಂದಳು.